ಚಾ ಆರಿದರೆ ಇನ್ನೊಂದು ಸುತ್ತು

ಮುಂಡರಗಿಯ ಬಸ್ ಸ್ಟ್ಯಾಂಡಿನ ಹತ್ತಿರ ಯಾರಾದರೂ ಮೋಟರ್ ಸೈಕಲ್ಲಿನ ಬ್ರೇಕ್ ಹಿಡಿದರೆ, ಇಲ್ಲಿ ಬೆಟಗೇರಿಯಲ್ಲಿ ಮಗ್ಗದ ಮುಂದೆ ಕುಳಿತ ನನ್ನ ಬಲಗೈ ತೋರುಬೆರಳಿಗೆ ಗೊತ್ತಾಗುತ್ತದೆ. ಡಿಸ್ಕು ಎಷ್ಟು ಸವೆದಿದೆ, ಇನ್ನೆಷ್ಟು ತಿಂಗಳು ಬಾಳುತ್ತದೆ, ಬ್ರೇಕ್ ಹಿಡಿದವನು ಮನೆಯಲ್ಲಿ ಉಂಡು ಬಂದಿದ್ದಾನೋ ಜಗಳಾಡಿ ಬಂದಿದ್ದಾನೋ, ಎಲ್ಲ ಗೊತ್ತಾಗುತ್ತದೆ. ಲಕ್ಷ್ಮೇಶ್ವರದ ಬ್ರೇಕಾದರೆ ಬೆರಳಿನ ಎಡಮಗ್ಗುಲಲ್ಲಿ ಕಚಗುಳಿ, ಶಿರಹಟ್ಟಿಯದಾದರೆ ಬಲಮಗ್ಗುಲಲ್ಲಿ. ಹುಬ್ಬಳ್ಳಿಯದು ಮಾತ್ರ ಸ್ವಲ್ಪ ಮಸುಕು. ಅಲ್ಲಿ ಗದ್ದಲ ಜಾಸ್ತಿ, ಅದಕ್ಕೆ ನನ್ನ ಬೆರಳು ಏನು ಮಾಡೀತು?

ನಂಬದಿದ್ದರೆ ಬಿಡಿ. ನನ್ನ ಗಂಡ ಮೂರು ವರ್ಷ ನಂಬಿದ್ದರು.

ನಾನು ಯಮನವ್ವ. ನಲವತ್ತು ವರ್ಷದಿಂದ ನೇಯುತ್ತಿದ್ದೇನೆ. ನಾನು ನೇಯ್ದ ಸೀರೆಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ಇಲ್ಲಿಂದ ಕಾಶಿಗೆ ಮುಟ್ಟಿ, ಅಲ್ಲಿ ಮೂರು ಮುಳುಗು ಹಾಕಿ, ಬೇರೆ ದಾರಿಯಿಂದ ತಿರುಗಿ ಬರುವಷ್ಟು ಉದ್ದವಾಗುತ್ತವೆ. ನಮ್ಮ ಮನೆಯ ಹಿಂದಿನ ಅರ್ಧದಲ್ಲಿ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ನನ್ನ ಕುಣಿಮಗ್ಗ, ಮುಂದಿನ ಪಡಸಾಲೆಯಲ್ಲಿ ನನ್ನ ಗಂಡ ಅಂದಪ್ಪನವರ ಗ್ಯಾರೇಜು. ನಡುವೆ ಒಂದು ಬಾಗಿಲು. ಅದಕ್ಕೆ ಕದವಿಲ್ಲ, ಆದ್ದರಿಂದ ಗ್ಯಾರೇಜಿನ ಮಾತೆಲ್ಲ ಸೀರೆಯೊಳಗೆ ಸೇರುತ್ತದೆ, ಮಗ್ಗದ ಸದ್ದೆಲ್ಲ ಇಂಜಿನ್ನಿನೊಳಗೆ ಸೇರುತ್ತದೆ. ನಾನು ಒಂದು ದಿನಕ್ಕೆ ಆಡುವ ಮಾತನ್ನು ಅವರು ಒಂದು ವರ್ಷಕ್ಕೆ ಹಂಚಿಕೊಂಡು ಆಡುತ್ತಾರೆ.

ಅವರದು ಬ್ರೇಕಿನ ಕೈ ಎಂದು ಊರಿಗೆಲ್ಲ ಗೊತ್ತು. ಡಿಸ್ಕು ಎಂದರೆ ಮುಂದಿನ ಗಾಲಿಗೆ ಹೊಂದಿಕೊಂಡು ತಿರುಗುವ, ಮೈತುಂಬ ತೂತುಗಳಿರುವ ಉಕ್ಕಿನ ತಟ್ಟೆ. ಬ್ರೇಕ್ ಹಿಡಿದಾಗ ಎರಡು ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಕಚ್ಚುತ್ತವೆ. ಕಚ್ಚಿ ಕಚ್ಚಿ ನಡುವೆ ಸವೆದು, ಅಂಚಿನಲ್ಲಿ ಸಣ್ಣ ದಂಡೆ ನಿಲ್ಲುತ್ತದೆ. ಗಂಡ ಆ ದಂಡೆಗೆ ಉಗುರು ತಾಗಿಸಿ, ನಡುವಿನ ಮೈಮೇಲೆ ಬೆರಳು ಎಳೆದು, “ಇನ್ನ ಆರ ತಿಂಗಳ ಓಡತೈತಿ” ಎಂದರೆ ಅದು ಆರೇ ತಿಂಗಳು ಓಡುತ್ತಿತ್ತು. ಗೇಜು ಹಿಡಿದು ಅಳೆಯುವವರನ್ನು ಕಂಡರೆ ಅವರಿಗೆ ನಗು. “ಬೆರಳು ಇಲ್ಲದಾಂವ ಗೇಜು ಹಿಡೀತಾನ” ಎನ್ನುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಮಗ್ಗದಿಂದ ಎದ್ದು ಹೊರಗೆ ಬಂದಾಗ ಅವರು ಆಗತಾನೆ ಬಂದ ಗಾಡಿಯ ಸೈಲೆನ್ಸರ್ ಮೇಲೆ ಎಡಗೈ ಊರಿ ಕುಳಿತಿದ್ದರು. ಚರ್ಮ ಸುಟ್ಟ ವಾಸನೆ ಬಂತು.

“ರೀ, ಕೈ!”

“ಯಾಕ, ಏನಾತು?” ಎಂದರು. ಕೈ ಎತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಬೆರಳ ತುದಿಯನ್ನು ಯಾವಾಗಲೋ ತಿಂದುಬಿಟ್ಟಿತ್ತು. ನಾನು ಸುಟ್ಟ ಕೈಗೆ ತಣ್ಣೀರು ಹಾಕುತ್ತಿದ್ದೆ, ಅವರು ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು. “ಯಾರ ಮುಂದೂ ಹೇಳಬ್ಯಾಡ” ಎಂದರು. ಆ ವರ್ಷದ ಮಾತಿನಲ್ಲಿ ಅರ್ಧ ಅಲ್ಲೇ ಖರ್ಚಾಯಿತು.

ಎರಡು ದಿನ ಗ್ಯಾರೇಜಿನ ಮುಂದೆ ಸುಮ್ಮನೆ ಕುಳಿತರು. ಮೂರನೆಯ ದಿನ ನನ್ನನ್ನು ಕರೆದು ಒಂದು ಗಾಡಿಯ ಮುಂದೆ ಕೂರಿಸಿದರು. “ನಿನ್ನ ಬೆರಳಿಗೆ ಎಂಬತ್ತರ ನೂಲ ಯಾವುದು, ನೂರರ ನೂಲ ಯಾವುದು ಗೊತ್ತಾಗತೈತಿ. ಇದು ಗೊತ್ತಾಗಬಹುದೇನು ನೋಡು.”

ನಾನು ಡಿಸ್ಕಿನ ಮೇಲೆ ಬೆರಳಿಟ್ಟೆ. ಇಟ್ಟ ಕೂಡಲೇ ಆ ಉಕ್ಕು ನನ್ನ ಜೊತೆ ಮಾತಾಡಿತು. ಹುಟ್ಟಿದ್ದು ಎಲ್ಲಿ, ಬೆಳೆದದ್ದು ಎಲ್ಲಿ, ಯಾವ ತಗ್ಗಿನಲ್ಲಿ ಎಷ್ಟು ಸಲ ಅತ್ತಿತು, ಪೂರ್ತಿ ಜಾತಕ. ನಾನು ಕಣ್ಣು ಮುಚ್ಚಿ, “ಅರ್ಧ ಸವದೇತ್ರಿ, ಇನ್ನರ್ಧ ಉಳದೇತಿ” ಎಂದೆ.

ಅವತ್ತು ಅವರು ಒಂದು ರೊಟ್ಟಿ ಹೆಚ್ಚು ಉಂಡರು.

ಅಲ್ಲಿಂದ ನಮ್ಮದೊಂದು ಗುಟ್ಟಿನ ಭಾಷೆ ಶುರುವಾಯಿತು, ಮನೆಯಲ್ಲಿ ಮಗಳಿಗೆ ಬಿಟ್ಟರೆ ಯಾರಿಗೂ ತಿಳಿಯದ್ದು. ಗಿರಾಕಿ ಬಂದಾಗ ನಾನು ಚಾ ತರುವ ನೆಪದಲ್ಲಿ ಬರಬೇಕು. ಅವರು ಗಿರಾಕಿಯನ್ನು ಮಾತಿಗೆಳೆಯಬೇಕು. ಮಾತು ಬಾರದ ಅವರಿಗೆ ಇದು ದೊಡ್ಡ ಶಿಕ್ಷೆ, ಮಳೆ ಬೆಳೆ ಎಂದು ಎರಡು ಶಬ್ದ ಹೇಳಿ ಬೆವರುತ್ತಿದ್ದರು. ಅಷ್ಟರಲ್ಲಿ ನಾನು ಗಾಡಿಯ ಆ ಬದಿಗೆ ಬಗ್ಗಿ ಕೆಲಸ ಮುಗಿಸಬೇಕು. ಬ್ರೇಕ್ ಸರಿಯಿದ್ದರೆ, “ಚಾ ಬಿಸಿ ಐತಿ, ಕುಡೀರಿ.” ಸರಿಯಿಲ್ಲದಿದ್ದರೆ, “ಚಾ ಆರೇತಿ, ಮತ್ತ ಕಾಸತೇನಿ.” ಕೂಡಲೇ ಗಂಡ ಡಿಸ್ಕಿನ ಮೇಲೆ ತಮ್ಮ ಬೆರಳು ಎಳೆದು, ಹುಬ್ಬು ಗಂಟಿಕ್ಕಿ, ನಾನು ಹೇಳಿದ್ದನ್ನೇ ಹೇಳುತ್ತಿದ್ದರು. ಹಳೆಯ ಡಿಸ್ಕಾದರೆ ಬದಲಿಸಿ ಎನ್ನುವರು. ಹೊಸ ಡಿಸ್ಕು ಪ್ಯಾಡಿಗೆ ಇನ್ನೂ ಪಳಗಿಲ್ಲವಾದರೆ, “ಇನ್ನೊಂದ್ ಸುತ್ತು ಹೋಗಿ ಬರ್ರಿ” ಎನ್ನುವರು.

ಲಕ್ಷ್ಮೇಶ್ವರದ ಮರ್ದಾನಸಾಬ ಬಳೆ ವ್ಯಾಪಾರಿ. ಮೋಟರ್ ಸೈಕಲ್ಲಿನ ಹಿಂದೆ ಗಾಜಿನ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುವವನು. ಬ್ರೇಕ್ ನಡುಗಿದರೆ ಅವನ ಅರ್ಧ ಅಂಗಡಿ ಪುಡಿ. ಎರಡು ವರ್ಷದ ಹಿಂದೆ ಹೊಸ ಡಿಸ್ಕು ಹಾಕಿಸಿದಾಗ ಅವನನ್ನು ಹುಲಕೋಟಿಯ ತನಕ ಓಡಿಸಿ ಓಡಿಸಿ ವಾಪಸ್ ಕರೆಸಿದ್ದೆವು. ಮೂರನೆಯ ಸಲ ನಾನು ಚಾ ಆರಿದೆ ಎಂದಾಗ ಅವನು ಗಾಡಿಯ ಮೇಲಿಂದಲೇ ಕೈಮುಗಿದ.

“ವೈನೀ, ಮುಂಜಾನಿಂದ ಮೂರ ಸಲ ಚಾ ಆರೇತಿ ಅಂದ್ರಿ. ನಿಮ್ಮ ಮನ್ಯಾಗ ಒಲಿ ಐತೋ ಇಲ್ಲೋ? ನಾನಽ ಒಂದ್ ಸಿಲಿಂಡರ್ ತಂದ್ ಕೊಡ್ಲೇನ್ರಿ?”

“ನಮ್ಮ ಚಾ ಭಾಳ ನಾಜೂಕರೀ ಸಾಹೇಬ್ರ,” ಎಂದೆ. “ಗಿರಾಕಿ ಮಾರಿ ನೋಡಿದ ಕೂಡ್ಲೆ ಆರತೈತಿ.”

“ಅಂದಪ್ಪಣ್ಣಾ, ನಿನ್ನ ಬ್ರೇಕು ಚಲೋ ಖರೆ. ಆದ್ರ ನಿಮ್ಮನಿ ಚಾ ಕುಡಿಬೇಕಂದ್ರ ಪೆಟ್ರೋಲ್ ಪಂಪ್ ಕೊಳ್ಳಬೇಕಾಗತೈತಿ ನೋಡು.”

ಗಂಡ ಮುಖ ತಿರುಗಿಸಿ ನಕ್ಕರು. ಆದರೆ ಸುತ್ತಿನ ನಾಲ್ಕು ಊರಲ್ಲಿ ಹೆಸರಾಯಿತು: ಅಂದಪ್ಪ ಕೂಡಿಸಿದ ಬ್ರೇಕು ಎಂದರೆ ಪಕ್ಕಾ. ದಿನಕ್ಕೆ ನೂರು ಗಾಡಿ ಬರುತ್ತಿದ್ದವು. ಐದಾರು ಎಂದರೂ ನಡೆದೀತು.

ಇನ್ನು ನಮ್ಮ ಮಗಳ ವಿಷಯ. ವಿದ್ಯಾಶ್ರೀಗೆ ಹುಲಕೋಟಿಯ ಕಡೆ ಒಂದು ಸಹಕಾರ ಸಂಘದಲ್ಲಿ ಕೆಲಸ ಸಿಕ್ಕಿತು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಹಳ್ಳಿಗಳಿಗೆ ಹೋಗಿ ಹೊಲದ ಮಣ್ಣು ಚೀಲಕ್ಕೆ ತುಂಬಿಕೊಂಡು ಬರುವುದು, ಪರೀಕ್ಷೆಗೆ ಕೊಡುವುದು. ಅದಕ್ಕೆಂದೇ ಒಂದು ಹಳೆಯ ಮೋಟರ್ ಸೈಕಲ್ ಕೊಂಡಳು. ಸೋಮವಾರ ಮೊದಲ ಸವಾರಿ: ಮುಂಡರಗಿ ದಾಟಿ ಹೊಳೆದಂಡೆಯ ಕೊರ್ಲಹಳ್ಳಿಗೆ. ಬರುವಾಗ ಹಿಂದೆ ಮಣ್ಣಿನ ಭಾರ, ಕಪ್ಪತಗುಡ್ಡದ ಮಗ್ಗುಲಿನ ಏರು ಇಳಿವು, ಎದುರಿಗೆ ಮರಳಿನ ಲಾರಿಗಳು.

ಗಾಡಿಯ ಮುಂದಿನ ಡಿಸ್ಕು ಪೂರ್ತಿ ಸವೆದಿತ್ತು. ಗಂಡ ಹೊಸದು ತಂದರು, ಹೊಸ ಪ್ಯಾಡನ್ನೂ ತಂದರು. ಶನಿವಾರ ಮುಂಜಾನೆ ಗಾಡಿಯ ಮುಂದೆ ಕುಳಿತವರು ನನ್ನನ್ನು ಹತ್ತಿರ ಬಿಡಲಿಲ್ಲ. ಪ್ರತಿ ಬೋಲ್ಟನ್ನೂ ಕಣ್ಣಿನಿಂದ ನೋಡಿ ನೋಡಿ ಕೂರಿಸಿದರು. ಬೆರಳಿಗೆ ತಿಳಿಯದ್ದನ್ನು ಕಣ್ಣಿಗೆ ಕೇಳುವುದು ಎಷ್ಟು ನಿಧಾನದ ಕೆಲಸ ಎಂದು ನನಗೆ ಗೊತ್ತಿತ್ತು. ಒಂದು ಗಂಟೆಯ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ಮುಗಿದ ಮೇಲೆ ಬೆನ್ನು ನೆಟ್ಟಗೆ ಮಾಡಿ, ನನಗೆ ಮಾತ್ರ ಕೇಳುವಂತೆ ಹೇಳಿದರು:

“ಈ ಕೈಲೆ ಮಗಳ ಬ್ರೇಕ್ ಸರಿ ಆಗಲಿಲ್ಲ ಅಂದ್ರ, ಮುಂದ ಯಾರ ಗಾಡಿಗೂ ಕೈ ಹಚ್ಚೂದಿಲ್ಲ. ಬಾಗಲಾ ಹಾಕಿಬಿಡತೇನಿ.”

ಅವರು ಸುಮ್ಮನೆ ಮಾತು ಆಡುವವರಲ್ಲ. ಆಡಿದರೆ ಅದು ಆಗುತ್ತದೆ.

ಆಮೇಲೆ ಡಿಸ್ಕನ್ನು ಸೋಪಿನ ನೀರಿನಿಂದ, ಮತ್ತೆ ಪೆಟ್ರೋಲಿನಿಂದ ತೊಳೆದು, ಒಣಗಲು ಬಿಟ್ಟು, ಕೈ ತೊಳೆಯಲು ಹಿತ್ತಲಿಗೆ ಹೋದರು. ಡಿಸ್ಕು ಕನ್ನಡಿಯಂತೆ ಹೊಳೆಯುತ್ತಿತ್ತು. ನಾನು ನೋಡುತ್ತ ನಿಂತೆ. ನಮ್ಮಲ್ಲಿ ಹೊಸ ಲಾಳಿ ತಂದರೆ, ಮೊದಲ ಎಳೆ ಹಾಕುವ ಮುಂಚೆ ಕುಸುಬಿ ಎಣ್ಣೆಯ ನೂಲಿನಿಂದ ಅದರ ಮೈ ಒರೆಸುತ್ತೇವೆ. ಒರೆಸಿದ ಲಾಳಿ ಮುಗ್ಗರಿಸುವುದಿಲ್ಲ, ಎಳೆ ಹರಿಯುವುದಿಲ್ಲ. ನನ್ನ ಅವ್ವ ಮಾಡಿದಳು, ಅವಳ ಅವ್ವ ಮಾಡಿದಳು. ಮಗಳು ಮೊದಲ ಸಲ ಅಷ್ಟು ದೂರ ಹೊರಟಿದ್ದಾಳೆ, ಅವಳ ಗಾಲಿಗೆ ಇಷ್ಟೂ ಮಾಡದಿದ್ದರೆ ಹೇಗೆ? ಮಗ್ಗದ ಮೂಲೆಯಿಂದ ನೂಲಿನ ಉಂಡೆ ತಂದು ಡಿಸ್ಕಿನ ಎರಡೂ ಮಗ್ಗುಲು ಒರೆಸಿದೆ. ಒಂದೇ ಸಲ. ಬೇಕಿದ್ದರೆ ಎರಡು ಎಂದಿಟ್ಟುಕೊಳ್ಳಿ.

ಬ್ರೇಕಿನ ಬಗ್ಗೆ ಇಷ್ಟೆಲ್ಲ ತಿಳಿದವಳಿಗೆ ಇಷ್ಟು ತಿಳಿಯಲಿಲ್ಲವೇ ಎಂದು ಕೇಳಬೇಡಿ. ಆ ಹೊತ್ತಿನಲ್ಲಿ ನಾನು ಬ್ರೇಕಿನವಳಾಗಿರಲಿಲ್ಲ.

ಭಾನುವಾರ ಮುಂಜಾನೆ ಗಂಡ ಮಗಳಿಗೆ ಪಾಠ ಹೇಳಿದರು. “ಹೊಸಾ ಡಿಸ್ಕು ಕಾಲಿಗೆ ಹಾಕೂ ಹೊಸಾ ಕಾಲ್ಮರಿ ಇದ್ದಂಗ. ಹಂತ ಹಂತಲೆ ಪಳಗಿಸಬೇಕು. ನಲವತ್ತರಾಗ ಹೋಗು, ಹಗೂರಕ ಹಿಡದು ಹತ್ತಕ್ಕ ಇಳಸು, ಬಿಡು. ಪೂರಾ ನಿಲ್ಲಬ್ಯಾಡ. ಬಿಸಿ ಇದ್ದಾಗ ಬ್ರೇಕ್ ಹಿಡಕೊಂಡು ನಿಂತ್ರ ಪ್ಯಾಡಿನ ಗುರ್ತು ಒಂದಽ ಕಡೆ ಕೂತು, ಆಮ್ಯಾಲೆ ಕೈಯಾಗಿನ ಲಿವರ್ ನಡಗತೈತಿ. ಹಿಂಗ ಮೂವತ್ತ ಸಲ. ಹೊಳಪು ಹೋಗಿ ಬೂದಿ ಬಣ್ಣ ಬರಬೇಕು, ಸುತ್ತ ಒಂದಽ ಸಮ. ಅವ್ವನ್ನ ಕರಕೊಂಡ ಹೋಗು. ಅಕಿ ಬೆರಳು ಹಚ್ಚಿ ಹೇಳತಾಳ.”

“ಅಪ್ಪಾ, ಬ್ರೇಕ್ ಹಿಡಿಯಾಕಿ ನಾ. ನನ್ನ ಕೈಗೆ ಗೊತ್ತಾಗೂದಿಲ್ಲೇನು?” ಎಂದಳು ವಿದ್ಯಾ.

“ಅಕಿ ಬೆರಳ ಬ್ಯಾರೆ.”

ಸೊರಟೂರ ರಸ್ತೆಯಲ್ಲಿ ಎರಡೂ ಕಡೆ ಉಳ್ಳಾಗಡ್ಡಿ ಹೊಲ, ದೂರದಲ್ಲಿ ಗಾಳಿಯಂತ್ರಗಳ ರೆಕ್ಕೆಗಳು. ನಾನು ಹಿಂದೆ ಒಂದು ಮಗ್ಗುಲಾಗಿ ಕುಳಿತಿದ್ದೆ. ಗಾಡಿ ವಿಮಾನದಂತೆ ಹಾರುತ್ತಿತ್ತು. ನಲವತ್ತರಲ್ಲಿ ಹಾರುವ ವಿಮಾನ. ವಿದ್ಯಾ ಹಿಡಿದಳು, ಬಿಟ್ಟಳು, ಮತ್ತೆ ಓಡಿಸಿದಳು. ಎಂಟನೆಯ ಸಲವೋ ಒಂಬತ್ತನೆಯ ಸಲವೋ ಅವಳು ಮೂಗು ಎತ್ತಿದಳು.

“ಯವ್ವಾ, ಎಲ್ಲೋ ಮಿರ್ಚಿ ಕರಿಯಾಕತ್ತಾರಲ್ಲ?”

ಮಿರ್ಚಿಯ ವಾಸನೆ ನನಗೂ ಬಂದಿತ್ತು. ಸುತ್ತ ನೋಡಿದೆ. ಅರ್ಧ ಹರದಾರಿಯಲ್ಲಿ ಒಂದು ಅಂಗಡಿಯಿಲ್ಲ, ಒಂದು ಒಲೆಯಿಲ್ಲ. ಕುಸುಬಿ ಎಣ್ಣೆ ಕಾದರೆ ಹೇಗೆ ನಾರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಗ ನನ್ನ ನೂಲಿನ ಉಂಡೆ ನೆನಪಾಯಿತು.

“ಹೊಲದಾಗ ಯಾರರ ಕಾರ್ಯಾ ಮಾಡಾಕತ್ತಿರಬೇಕು ಬಿಡು,” ಎಂದೆ.

“ಬ್ರೇಕ್ ಕಚ್ಚವಲ್ದು ಬೇ. ಲಿವರ್ ಹಿಡಿತೀನಿ, ಗಾಡಿ ವಿಚಾರ ಮಾಡ್ಕೋತ ಹೊಂಟತಿ.” ಅವಳು ಹಿಂದಿನ ಬ್ರೇಕಿನಿಂದ ಗಾಡಿ ನಿಲ್ಲಿಸಿ ಇಳಿದಳು. “ಆರಲಿ. ಆಮ್ಯಾಲೆ ಬೆರಳು ಹಚ್ಚು.”

ಆರಿದ ಮೇಲೆ ಹಚ್ಚಿದೆ. ಡಿಸ್ಕಿನ ಮೇಲೆ ಕಂದು ಬಣ್ಣದ ಪಟ್ಟೆಗಳು ಎದ್ದಿದ್ದವು. ಒಂದು ಕಡೆ ಹೊಳಪು, ಒಂದು ಕಡೆ ಮಸಿ.

“ಏನಂತೈತಿ ಬೆರಳು?”

“ವಿಚಾರ ಮಾಡಾಕತ್ತೇತಿ.”

“ಗಾಡೀನೂ ವಿಚಾರ, ಬೆರಳೂ ವಿಚಾರ. ನಾಳೆ ಗುಡ್ಡ ಇಳಿಯಾಕಿ ನಾ ಏನ್ ಮಾಡ್ಲಿ?” ಎಂದು ನಕ್ಕಳು. ನಕ್ಕರೂ ಅವಳ ಕಣ್ಣು ಡಿಸ್ಕಿನ ಮೇಲೆಯೇ ಇತ್ತು.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ನಿಂತಿದ್ದರು. ಮರ್ದಾನಸಾಬನೂ ತನ್ನ ಗಾಡಿ ತೋರಿಸಲು ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಗಂಡ ನನ್ನ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಎರಡೇ ಸಲ: ವಿದ್ಯಾ ಹುಟ್ಟಿದ ದಿನ ದವಾಖಾನೆಯ ಬಾಗಿಲಲ್ಲಿ, ಮತ್ತೆ ಅವತ್ತು.

“ಚಾ ಬಿಸಿ ಐತಿ, ಕುಡೀರಿ,” ಎಂದುಬಿಟ್ಟೆ.

“ಇನ್ನ ಒಲಿನಽ ಹಚ್ಚಿಲ್ಲಲ್ಲ ವೈನಿ?” ಎಂದ ಮರ್ದಾನಸಾಬ.

“ಅಪ್ಪಾ, ಬ್ರೇಕ್ ಕಚ್ಚವಲ್ದು,” ಎಂದಳು ವಿದ್ಯಾ.

ಗಂಡ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಗಾಡಿ ಹತ್ತಿ ಓಣಿಯ ಕೊನೆಗೆ ಹೋಗಿ, ತಿರುಗಿಸಿಕೊಂಡು ಬಂದರು. ನಮ್ಮ ಮನೆಯ ಮುಂದೆ ಬರುವಾಗ ಮುಂದಿನ ಬ್ರೇಕ್ ಹಿಡಿದದ್ದು ನನಗೆ ಕಂಡಿತು. ಗಾಡಿ ನಿಲ್ಲಲಿಲ್ಲ. ನಮ್ಮನ್ನು ದಾಟಿ ಅರ್ಧ ಕಿಲೋಮೀಟರು ಹೋಗಿ... ಇಲ್ಲ, ನಾಲ್ಕು ಮನೆ ದಾಟಿ, ಹನಮಂತವ್ವ ಹಪ್ಪಳ ಒಣಹಾಕಿದ್ದ ಹೊರಸಿಗೆ ಮೆಲ್ಲಗೆ ತಾಗಿ ನಿಂತಿತು. ಹನಮಂತವ್ವ ಬೈಯಲು ಹೊರಬಂದವಳು ಅವರ ಮುಖ ನೋಡಿ ಒಳಗೆ ಹೋದಳು.

ಗಾಡಿ ತಳ್ಳಿಕೊಂಡು ವಾಪಸ್ ಬಂದರು. ಸ್ಟ್ಯಾಂಡ್ ಹಾಕಿ, ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು.

“ಹಿಡದೇನೋ ಇಲ್ಲೋ ಅನ್ನೂದಽ ತಿಳಿಲಿಲ್ಲ,” ಎಂದರು. “ಕೂಡಿಸೂದರಾಗೂ ಏನೋ ತಪ್ಪೇನಿ. ಅಕಿ ಬೆರಳು ಚಲೋ ಐತಿ ಅಂದ್ರೂ ಗಾಡಿ ನಿಲ್ಲವಲ್ದು. ಸಾಹೇಬ್ರ, ಇನ್ನ ಮುಂದ ನಿಮ್ಮ ಗಾಡಿ ಬ್ಯಾರೆ ಕಡೆ ತೋರಸ್ರಿ.”

“ಏ ಅಂದಪ್ಪಣ್ಣಾ, ಏನ್ ಮಾತಂತ ಇದು?”

“ನನ್ನ ಕೈ ಹೋಗ್ಯಾವು.”

ಮೂರು ವರ್ಷ ಯಾರ ಮುಂದೂ ಹೇಳಬೇಡ ಎಂದಿದ್ದನ್ನು ಅವರೇ ಓಣಿಯ ಬಿಸಿಲಿನಲ್ಲಿ ನಿಂತು ಹೇಳಿದರು. ಒಂದು ಗೋಣಿಚೀಲ ತಂದು, ಗೋಡೆಗೆ ತೂಗುಹಾಕಿದ್ದ, ಬೋಲ್ಟು ಬಿಚ್ಚುವ ಪಾನಾಗಳನ್ನು ಒಂದೊಂದಾಗಿ ಇಳಿಸಿ ಅದರೊಳಗೆ ಇಡತೊಡಗಿದರು. ಎಸೆಯಲಿಲ್ಲ, ಇಟ್ಟರು. ಒಂದು ಕೈಜಾರಿ ಬಿತ್ತು. ಬಗ್ಗಿ, ಹಿಡಿದಿದ್ದೇನೆಯೇ ಎಂದು ಕಣ್ಣಿನಿಂದ ನೋಡಿ ಎತ್ತಿಕೊಂಡರು.

“ರೀ, ರಸ್ತಾ ಚಲೋ ಇರಲಿಲ್ರಿ,” ಎಂದೆ. “ಸೊರಟೂರ ಕಡೆ ಡಾಂಬರ್ ಕರಗಿ ಡಿಸ್ಕಿಗೆ ಹತ್ತೇತಿ.”

ಅವರು ಮತ್ತೊಂದು ಪಾನಾ ಇಳಿಸಿದರು.

“ಒಂದು ಲಾರಿ ಎದುರಿಗೆ ಬಂತು. ಅದರ ತುಂಬ ಮಿರ್ಚಿ ಬಜಿ. ಲಾರಿ ತುಂಬ! ಅದರ ಎಣ್ಣಿ ಸಿಡದು...”

“ಯವ್ವಾ,” ಎಂದಳು ವಿದ್ಯಾ. ಅವಳು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಪ್ಯಾಡು ಕೂರುವ ಸಂದಿಯಿಂದ ಉಗುರಿನಲ್ಲಿ ಏನನ್ನೋ ಹಿಡಿದು ಮೆಲ್ಲಗೆ ಎಳೆದಳು. ಗೇಣುದ್ದದ ಕೆಂಪು ನೂಲು. ಒಂದು ತುದಿ ಸುಟ್ಟು ಕರಕಾಗಿತ್ತು. “ಇದು ನೀ ನೇಯಾಕತ್ತಿದ ಸೀರಿ ಅಂಚಿಂದಲ್ಲ?”

ನಾನು ಇಪ್ಪತ್ತು ಉತ್ತರ ಯೋಚಿಸಿದೆ. ಗಾಳಿಗೆ ಹಾರಿ ಬಂತು. ಗುಬ್ಬಿ ತಂದಿತು. ಗಂಡ ಗೋಣಿಚೀಲ ಬಿಟ್ಟು ಬಂದು ಆ ನೂಲನ್ನು ಮೂಗಿಗೆ ಹಿಡಿದರು. ಬೆರಳು ಹೋಗಿದ್ದರೂ ಮೂಗು ಇತ್ತಲ್ಲ.

“ಕುಸುಬಿ ಎಣ್ಣಿ,” ಎಂದರು.

“ಹೂಂ ರೀ.”

“ಯಾರು ಹಚ್ಚಿದ್ರು?”

“ನಾನಽ. ನೀವು ಕೈ ತೊಳಿಯಾಕ ಹೋದಾಗ. ಹೊಸಾ ಲಾಳಿಗೆ ಹಚ್ಚತೇವಲ್ರಿ, ಹಂಗ. ಅಕಿ ದೂರ ಹೊಂಟಾಳಂತ.” ನನಗೆ ಮಾತು ಸಾಲದೆ ಹೋದದ್ದು ಅದೇ ಮೊದಲು. “ನಿಮ್ಮ ಕೈದು ತಪ್ಪಿಲ್ರಿ. ನೀವು ಕೂಡಿಸಿದ್ದು ಸರಿ ಐತಿ. ಎಣ್ಣಿ ಹಚ್ಚಿದ ಬ್ರೇಕು ಯಾರು ಹಿಡದ್ರೂ ನಿಲ್ಲೂದಿಲ್ಲ.”

ಅವರು ಕಟ್ಟೆಯ ಮೇಲೆ ಕುಳಿತರು. ನೂಲನ್ನು ಬೆರಳಿಗೆ ಸುತ್ತಿಕೊಂಡರು. ಸಿಟ್ಟಿನ ಮಾತಿಗೆ ನಾನು ಕಾಯುತ್ತಿದ್ದೆ. ಬಂದದ್ದು ಬೇರೆಯೇ ಮಾತು.

“ಸೊರಟೂರ ರಸ್ತೇದಾಗ ಬೆರಳ ಹಚ್ಚಿದ್ದೆಲ್ಲ. ಅಷ್ಟ್ ಎಣ್ಣಿ ನಿನ್ನ ಬೆರಳಿಗೆ ಗೊತ್ತಾಗಲಿಲ್ಲೇನು?”

ವಿದ್ಯಾ ನನ್ನ ಕಡೆ ನೋಡಿದಳು. ಮರ್ದಾನಸಾಬನೂ ನೋಡಿದ. ಸೀರೆಯ ನಿರಿಗೆಯೊಳಗೆ ಕೈಹಾಕಿ, ಅಲ್ಲಿ ಸಿಕ್ಕಿಸಿಕೊಂಡಿದ್ದ, ದಪ್ಪ ಅಳೆಯುವ ಸ್ಕ್ರೂ ಗೇಜನ್ನು ತೆಗೆದು ಕಟ್ಟೆಯ ಮೇಲಿಟ್ಟೆ. ಅವರ ಪೆಟ್ಟಿಗೆಯ ತಳದಲ್ಲಿ ಜಂಗು ಹಿಡಿದು ಬಿದ್ದದ್ದು, ನಾನು ತಿಕ್ಕಿ ಬೆಳಗಿಸಿದ್ದು.

“ನೂಲಿನ ದಪ್ಪ ನೋಡಾಕ ಬೇಕಂತ ಓದೂದು ಕಲಿಸ್ಕೊಂಡಿದ್ದೆಲ್ಲ ಬೇ ನನ್ನ ಕಡೆ!” ಎಂದಳು ವಿದ್ಯಾ.

“ಡಿಸ್ಕಿನ ಮ್ಯಾಲೆ ಕಡಿಮಿ ಅಂದ್ರ ದಪ್ಪ ಎಷ್ಟಿರಬೇಕಂತ ಕೊರದಿರತಾರ,” ಎಂದೆ. “ಇದರಾಗ ಹಿಡದು ನೋಡಿ, ಅದಕ್ಕಿಂತ ಹೆಚ್ಚಿದ್ರ ಚಾ ಬಿಸಿ, ಕಡಿಮಿ ಇದ್ರ ಚಾ ಆರೇತಿ. ನನ್ನ ಬೆರಳಿಗೆ ಏನೂ ತಿಳಿಯೂದಿಲ್ರಿ. ನಲವತ್ತ ವರ್ಷ ನೂಲ ತಿಕ್ಕಿ ತಿಕ್ಕಿ ತುದಿ ಕಟಗಿ ಆಗೇತಿ. ಎಂಬತ್ತರ ನೂಲು, ನೂರರ ನೂಲು ನಾ ಕಣ್ಣಿಲೆ ನೋಡಿ ಹೇಳತೇನಿ.”

“ಮತ್ತ ಅವತ್ತ ಮೊದಲನೇ ಸಲ, ಅರ್ಧ ಸವದೇತಿ ಅಂದಿ?”

“ನಿಮ್ಮ ಮಾರಿ ನೋಡಿ ಅಂದೆ. ಆ ಗಾಡಿ ನಿಲ್ಲಿಸ್ಕೊಂಡು, ಸಂಜಿಗೆ ಇದನ್ನ ಹುಡಿಕಿ ಅಳದೆ.”

ಗೇಜನ್ನು ಕಂಡರೆ ನಗುತ್ತಿದ್ದ ಮನುಷ್ಯ. ಈಗ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಲೆ ಎತ್ತಿದರು. ಮೆಕ್ಯಾನಿಕ್ ಮೆಕ್ಯಾನಿಕ್ಕೇ.

“ಸವದದ್ದು ಗೇಜಿಗೆ ತಿಳಿತೈತಿ. ಹೊಸಾದು ಪಳಗಿದ್ದು ಗೇಜಿಗೆ ತಿಳಿಯೂದಿಲ್ಲ. ಮೂರ ವರ್ಷದಾಗ ಎಷ್ಟ ಹೊಸಾ ಡಿಸ್ಕು ಹಾಕೀವಿ ನಾವು. ಅವನ್ನ ಹೆಂಗ ಹೇಳಿದಿ?”

ಇದಕ್ಕೆ ನನ್ನ ಬಳಿ ಒಂದೂ ಸುಳ್ಳು ಇರಲಿಲ್ಲ. ಹುಡುಕಿದೆ. ನಿಜವಾಗಿಯೂ ಸಿಗಲಿಲ್ಲ.

“ಹೇಳಲಿಲ್ರಿ. ನನಗ ತಿಳಿತಿರಲಿಲ್ಲ. ಅಂಜಿಕಿ ಬರತಿತ್ತು. ಅದಕ್ಕ ಎಲ್ಲಾರಿಗೂ ಚಾ ಆರೇತಿ ಅಂತಿದ್ದೆ. ಒಂದ್ ಸುತ್ತು ಸಾಲದಿದ್ರ ಎರಡು, ಎರಡು ಸಾಲದಿದ್ರ ಮೂರು. ಬಣ್ಣ ಸುತ್ತ ಒಂದಽ ಸಮ ಬರೂತನಕ, ಗಾಡಿಯವರು ಬಂದು ‘ಈಗ ಚಲೋ ಹಿಡಿತೈತಿ’ ಅಂತ ತಾವಽ ಅನ್ನೂತನಕ ಕಳಸ್ತಿದ್ದೆ. ಅಷ್ಟಽ. ಬೆರಳಲ್ಲ, ಅಂಜಿಕಿ.”

“ಹಂಗಾರ ನನ್ನ ಮೂರ ಸುತ್ತು?” ಎಂದ ಮರ್ದಾನಸಾಬ.

“ಅಂಜಿಕೀರಿ ಸಾಹೇಬ್ರ.”

ಅವನು ಗಡ್ಡ ಕೆರೆದುಕೊಂಡ. “ಎರಡ ವರ್ಷ ಆತು, ಬ್ರೇಕಿಗೆ ಒಂದ್ ಬಳಿ ಒಡದಿಲ್ಲ. ಹಿಂಗಽ ಅಂಜಿಕೋತ ಇರ್ರಿ ವೈನಿ.”

ಯಾರೂ ನಗಲಿಲ್ಲ, ಆದರೆ ಉಸಿರಾಡುವುದು ಸುಲಭವಾಯಿತು. ಗಂಡ ಮಾತ್ರ ಇನ್ನೂ ನನ್ನನ್ನೇ ನೋಡುತ್ತಿದ್ದರು.

“ಎಲ್ಲಾರ ಗಾಡಿಗೂ ಅಂಜಿದಾಕಿ, ಮಗಳ ಗಾಡಿಗೆ ಯಾಕ ಬಿಸಿ ಐತಿ ಅಂದಿ?”

“ಬಾಗಲಾ ಹಾಕತೇನಿ ಅಂದಿದ್ರಿ. ನೀವು ಹಂಗ ನನ್ನ ಮಾರಿ ನೋಡಿದ್ರಿ. ಆ ಒಂದು ಗಳಿಗಿ, ಅಕಿಗೇನಾದೀತು ಅನ್ನೂ ಅಂಜಿಕಿಗಿಂತ ನಿಮಗೇನಾದೀತು ಅನ್ನೂ ಅಂಜಿಕಿ ಹೆಚ್ಚಾತು.” ಸೆರಗಿನಿಂದ ಮೂಗು ಒರೆಸಿಕೊಂಡೆ. “ಭಾಳ ದೊಡ್ಡ ತಪ್ಪಾತು. ಅಕಿ ಸುಮ್ಮನಿದ್ದಿದ್ರ ನಾಳೆ ಆ ಗಾಡಿ ಮ್ಯಾಲೆ ಗುಡ್ಡ ಇಳೀತಿದ್ಲು.”

“ನಾ ಯಾಕ ಸುಮ್ಮನಿರಲಿ?” ಎಂದಳು ವಿದ್ಯಾ. “ನಾ ನಿನ್ನ ಮಗಳು.”

ಗಂಡ ಎದ್ದರು. ಗೋಣಿಚೀಲದಲ್ಲಿ ಕೈಯಾಡಿಸಿ, ಬೇಕಾದ ಪಾನಾ ಕಣ್ಣಿನಿಂದ ಹುಡುಕಿ ತೆಗೆದರು. ಎಣ್ಣೆ ಕುಡಿದ ಪ್ಯಾಡುಗಳನ್ನು ಬಿಚ್ಚಿ ಎಸೆದರು. ವಿದ್ಯಾ ಪೇಟೆಗೆ ಹೋಗಿ ಹೊಸ ಜೋಡಿ ತಂದಳು. ಡಿಸ್ಕು ಬಿಚ್ಚಿ, ಪೆಟ್ರೋಲಿನಲ್ಲಿ, ಸೋಪಿನಲ್ಲಿ, ಮತ್ತೆ ಪೆಟ್ರೋಲಿನಲ್ಲಿ ತೊಳೆದರು. ಮರಳಿ ಕೂಡಿಸುವಾಗ ಬೋಲ್ಟು ಸಮವಾಗಿ ಕುಳಿತಿದೆಯೇ ಎಂದು ಈ ಸಲ ಮಗಳನ್ನು ಕೇಳಿದರು, ಎಲ್ಲರೆದುರಿಗೆ.

ಮಧ್ಯಾಹ್ನ ವಿದ್ಯಾ ಒಬ್ಬಳೇ ಸೊರಟೂರ ರಸ್ತೆಗೆ ಹೋದಳು. ಬಂದಳು. ಅವರು ಇನ್ನೊಂದು ಸುತ್ತು ಎಂದರು. ಹೋದಳು, ಬಂದಳು. ಮೂರನೆಯ ಸಲ ಅವಳು ನಮ್ಮ ಮನೆಯ ಮುಂದೆ ಎರಡು ಬೆರಳಿನಿಂದ ಹಿಡಿದಾಗ ಗಾಡಿ ಹೊಸ್ತಿಲಿಗೆ ಸರಿಯಾಗಿ ನಿಂತಿತು. ಡಿಸ್ಕಿನ ಮೈ ಸುತ್ತಲೂ ಒಂದೇ ಸಮ ಬೂದಿ ಬಣ್ಣಕ್ಕೆ ತಿರುಗಿತ್ತು. “ಲಿವರ್ ನಡಗೂದಿಲ್ಲ. ಕಚ್ಚತೈತಿ,” ಎಂದಳು. ಅವಳ ಕೈಯ ಮಾತನ್ನು ಯಾರೂ ಅಲ್ಲಗಳೆಯಲಿಲ್ಲ.

ಬಿಸಿ ಇಳಿಯಲೆಂದು ಗಾಡಿಯನ್ನು ನೆರಳಿಗೆ ನಿಲ್ಲಿಸಿದೆವು. ವಿದ್ಯಾ ಒಳಗೆ ಹೋದಳು. ಒಂದು ತಾಸಾದ ಮೇಲೆ ಗಂಡ ಗಾಲಿಯ ಮುಂದೆ ಕುಳಿತು ನನ್ನನ್ನು ಕರೆದರು. ನನ್ನ ತೋರುಬೆರಳನ್ನು ತಾವೇ ಹಿಡಿದು ಡಿಸ್ಕಿನ ಮೇಲಿಟ್ಟರು. ಅದರ ಮಗ್ಗುಲಿಗೆ ತಮ್ಮ ಬೆರಳನ್ನೂ ಇಟ್ಟರು.

“ಏನ್ ಗೊತ್ತಾಗತೈತಿ? ಖರೆ ಹೇಳು.”

“ಏನೂ ಗೊತ್ತಾಗೂದಿಲ್ರಿ,” ಎಂದೆ. “ತಣ್ಣಗ ಐತಿ. ಅಷ್ಟಽ.”

“ನನಗ ಅದೂ ತಿಳಿಯೂದಿಲ್ಲ,” ಎಂದರು. ಬೆರಳು ಮಾತ್ರ ತೆಗೆಯಲಿಲ್ಲ. “ತಣ್ಣಗ ಐತಲ್ಲ?”

“ಹೂಂ ರೀ. ತಣ್ಣಗ ಐತಿ.”

ಇದರಲ್ಲಿ ನಾನು ಒಂದೆಳೆಯನ್ನೂ ಸೇರಿಸಿಲ್ಲ.